ಅಮ್ಮನಿಗೆ 78, ಎದೆ ಸೀಳದೆ ವಾಲ್ವ್ ಹಾಕಿಸಬಹುದಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಅಮ್ಮ ಆರು ತಿಂಗಳಿಂದ ಮಹಡಿ ಹತ್ತುವಾಗ ಅರ್ಧಕ್ಕೇ ನಿಂತು ಕಂಬಿ ಹಿಡ್ಕೋತಾರೆ. ಹೋದ ವಾರ ದೇವರ ಮನೆಯಲ್ಲಿ ಕಣ್ಣು ಕತ್ತಲೆ ಬಂದು ಕುಸಿದರು. ಎಕೋದಲ್ಲಿ 'ಸಿವಿಯರ್ ಅಯೋರ್ಟಿಕ್ ಸ್ಟೆನೋಸಿಸ್, ವಾಲ್ವ್ ಏರಿಯಾ 0.7' ಅಂತ ಬಂದಿದೆ. ತೊಡೆಯಿಂದಲೇ ವಾಲ್ವ್ ಹಾಕುವ ಟಾವಿ ಮಾಡಿಸಿ ಅಂದರು. ಅಮ್ಮ "ಈ ವಯಸ್ಸಲ್ಲಿ ಯಾಕಪ್ಪಾ, ಮಾತ್ರೆ ಸಾಕು" ಅಂತಾರೆ. ಮಾತ್ರೆಯಲ್ಲಿ ಆಗಲ್ವಾ?

ಉತ್ತರ (ಹೃದ್ರೋಗ ತಜ್ಞ): ಆಗಲ್ಲ. ಅಯೋರ್ಟಿಕ್ ಸ್ಟೆನೋಸಿಸ್ ಅಂದರೆ ಹೃದಯದಿಂದ ಮೈಗೆ ರಕ್ತ ಹೋಗುವ ಬಾಗಿಲು, ಅಂದರೆ ಕವಾಟ (ವಾಲ್ವ್), ಕಿರಿದಾಗಿರೋದು. ಅದರ ಎಸಳುಗಳಿಗೆ ಸುಣ್ಣ ಕಟ್ಟಿದೆ, ಅದನ್ನು ಕರಗಿಸೋ ಮಾತ್ರೆ ಇಲ್ಲ. 3-4 ಚದರ ಸೆಂ.ಮೀ. ತೆರೆಯಬೇಕಾದ ಬಾಗಿಲು 0.7ಕ್ಕೆ ಬಂದಿದೆ. ಪ್ರಜ್ಞೆ ತಪ್ಪಿ ಬೀಳೋದು ಶುರುವಾದ ಮೇಲೆ ಹಬ್ಬ ಕಳೀಲಿ, ಮದುವೆ ಮುಗೀಲಿ ಅಂತ ಮುಂದೂಡಬೇಡಿ. ಇನ್ನೊಂದು ಮಾತು: ಎದೆನೋವು ಅಂದರೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟನ್ನು ನೀವೇ ಕೊಡಬೇಡಿ, ಬಿ.ಪಿ. ಥಟ್ಟನೆ ಕುಸಿಯಬಹುದು.

ಟಾವಿಯಲ್ಲಿ ಮಡಚಿದ ವಾಲ್ವನ್ನು ತೊಡೆಸಂದಿನ ರಕ್ತನಾಳದಿಂದ ಮೇಲಕ್ಕೊಯ್ದು, ಹಳೇದರ ಒಳಗೇ ಅರಳಿಸ್ತೀವಿ. ಹಳೇದನ್ನು ತೆಗೆಯಲ್ಲ, ಅದು ಗೋಡೆಗೆ ಒತ್ತಿಕೊಂಡು ಕೂತಿರುತ್ತೆ. 2002ರಲ್ಲಿ ಫ್ರಾನ್ಸಿನ ರೂಆಂ ಊರಲ್ಲಿ ಅಲೆನ್ ಕ್ರಿಬಿಯೆ ಮೊದಲ ಸಲ ಮಾಡಿದ್ದು. ಆಗುತ್ತೋ ಇಲ್ಲವೋ ಅಂತ ಹೇಳೋದು ಸಿ.ಟಿ. ಸ್ಕ್ಯಾನು: ವಾಲ್ವ್ ಕೂರುವ ಜಾಗದ ಅಳತೆ, ಕಾಲಿನ ರಕ್ತನಾಳದ ಅಗಲ ಅದರಲ್ಲೇ ಸಿಗೋದು. ಅಪಾಯವೇ ಇಲ್ಲ ಅಂತಲ್ಲ. ಪಾರ್ಶ್ವವಾಯು, ವಾಲ್ವ್ ಸುತ್ತ ಸೋರಿಕೆ, ಕೆಲವರಿಗೆ ಪೇಸ್‌ಮೇಕರ್. ಖರ್ಚು ಲಕ್ಷಗಟ್ಟಲೆ; ಗುಜರಾತಿನ ವಾಪಿಯಲ್ಲಿ ತಯಾರಾಗುವ ಮೈವಾಲ್ ಅನ್ನೋ ಟಾವಿ ವಾಲ್ವ್ ಕೂಡ ಇದೆ, ವಿಚಾರಿಸಿ.

ಇನ್ನೊಬ್ಬರು: ಸರ್, ನಮ್ಮ ತಂದೆಗೆ 62, ಇದೇ ತೊಂದರೆ. ಗಟ್ಟಿಮುಟ್ಟಾಗಿದ್ದಾರೆ. ಅವರಿಗೂ ಟಾವಿನೇ?

ಉತ್ತರ: ನಾನಾದರೆ ಎದೆ ತೆರೆದು ಮಾಡೋ ಆಪರೇಷನ್ನೇ ಅಂತೀನಿ. ಟಾವಿಯ ವಾಲ್ವ್ ಪ್ರಾಣಿಯ ಪೊರೆಯದು, ವರ್ಷ ಕಳೆದ ಹಾಗೆ ಸವೆಯುತ್ತೆ. 62ಕ್ಕೆ ಹಾಕಿದರೆ ಮತ್ತೊಂದು ಹಾಕೋ ದಿನ ಬರಬಹುದು. 80 ದಾಟಿದವರಿಗೆ ಆ ಲೆಕ್ಕವೇ ಬೇರೆ. 65ರಿಂದ 80ರ ನಡುವೆ ಹೃದ್ರೋಗ ತಜ್ಞರೂ, ಆಪರೇಷನ್ ಮಾಡುವ ಸರ್ಜನ್ನೂ, ಮನೆಯವರೂ ಕೂತು ಮಾತಾಡಬೇಕು.

ಮೊದಲ ಪ್ರಶ್ನೆ ಕೇಳಿದವರು: ಪ್ರಾಣಿಯ ಪೊರೆ ಅಂದಿರಲ್ಲ, ಯಾವ ಪ್ರಾಣಿ ಸರ್? ಅಮ್ಮ ತುಂಬಾ ಮಡಿ.

ಉತ್ತರ: ಹಸುವಿನದು ಅಥವಾ ಹಂದಿಯದು, ಹೃದಯದ ಸುತ್ತಲಿನ ಪೊರೆ. ಪೂರ್ತಿ ಲೋಹದ ವಾಲ್ವ್ ಟಾವಿಯಲ್ಲಿಲ್ಲ. ಅಮ್ಮನಿಗೆ ಮೊದಲೇ ಹೇಳಿ. ಆಮೇಲೆ ಗೊತ್ತಾಗಿ ಮಕ್ಕಳ ಮೇಲೆ ಮುನಿಸಿಕೊಂಡ ಅಜ್ಜಿಯಂದಿರನ್ನು ನೋಡಿದ್ದೀನಿ. ಹಾಗೇ ಹುಳುಕು ಹಲ್ಲಿದ್ದರೆ ಈಗಲೇ ತೋರಿಸಿ, ಬಾಯಿಯ ಸೋಂಕು ಹೊಸ ವಾಲ್ವಿಗೆ ಹತ್ತಬಾರದು.

ಮೊದಲ ಪ್ರಶ್ನೆ ಕೇಳಿದವರು: ಹೇಳಿದೆ ಸರ್. "ಹಸುವಿಂದು ಬೇಡ" ಅಂದರು. ಹಂದಿಯ ವಿಷಯಕ್ಕೆ ಏನೂ ಮಾತಾಡಲಿಲ್ಲ. ಸೋಮವಾರ ಸಿ.ಟಿ.ಗೆ ಬರ್ತಾರೆ.