ಕೆಂಪುಕಣದಲ್ಲಿ ಎಚ್ ಇಲ್ಲ, ಎಂಜಲಿನಲ್ಲಿ ಇದೆ: ಇದು ಬಾಂಬೆ ಗುಂಪೇ?

ಡೊಂಬಿವಲಿ_ಲ್ಯಾಬ್:
ಒಂದು ಸ್ಯಾಂಪಲ್ ಬಗ್ಗೆ ಸಲಹೆ ಬೇಕು. ಫಾರ್ವರ್ಡ್‌ನಲ್ಲಿ (ರೋಗಿಯ ಕೆಂಪುಕಣದ ಪರೀಕ್ಷೆ) ಆಂಟಿ-ಎ, ಆಂಟಿ-ಬಿ ಎರಡೂ ನೆಗೆಟಿವ್. ರಿವರ್ಸ್‌ನಲ್ಲಿ (ರೋಗಿಯ ಸೀರಂ ಪರೀಕ್ಷೆ) ಎ ಸೆಲ್, ಬಿ ಸೆಲ್ 4+ (ಗಂಟು ಕಟ್ಟುವ ಬಲ, 4+ ಅತಿ ಹೆಚ್ಚು), ಒ ಸೆಲ್ ಕೂಡ ರೂಮ್ ಟೆಂಪರೇಚರ್‌ನಲ್ಲಿ 2+. ಆಟೋ ಕಂಟ್ರೋಲ್ (ರೋಗಿಯದೇ ಸೀರಂ, ರೋಗಿಯದೇ ಕಣ) ನೆಗೆಟಿವ್. ಆಂಟಿ-ಎಚ್ ಲೆಕ್ಟಿನ್ (ಎಚ್‌ಗೆ ಅಂಟುವ ಸಸ್ಯದ ಪ್ರೋಟೀನ್) ನೆಗೆಟಿವ್. ಆದರೆ ಎಂಜಲಿನ ಇನ್ಹಿಬಿಷನ್ ಟೆಸ್ಟ್‌ನಲ್ಲಿ ಎಚ್ ಇದೆ ಅಂತ ಬರುತ್ತಿದೆ. ಒಂದೇ ಆಂಟಿಜನ್ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿರುವುದು ಹೇಗೆ? ರಿಪೋರ್ಟ್‌ನಲ್ಲಿ ಏನು ಬರೆಯಲಿ?

ಮಾಟುಂಗಾ_ಬಯೋಕೆಮ್:
ಆಂಟಿಜನ್ ಒಂದೇ, ಅದನ್ನು ಕಟ್ಟುವ ಕಿಣ್ವಗಳು ಎರಡು. ಸಕ್ಕರೆ ಸರಪಳಿಯ ತುದಿಯ ಗ್ಯಾಲಕ್ಟೋಸ್‌ಗೆ ಆಲ್ಫಾ-1,2 ಜೋಡಣೆಯಲ್ಲಿ ಒಂದು ಫ್ಯೂಕೋಸ್ ಸೇರಿದರೆ ಅದು ಎಚ್. ಅದರ ಮೇಲೆ ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್ ಕೂತರೆ ಎ, ಗ್ಯಾಲಕ್ಟೋಸ್ ಕೂತರೆ ಬಿ. ಎಚ್ ಇಲ್ಲದಿದ್ದರೆ ಎ, ಬಿ ಕಿಣ್ವಗಳಿಗೆ ಕೆಲಸವೇ ಇಲ್ಲ. ಹಾಗಾಗಿ ಎಬಿಒ ಜೀನ್ ಯಾವುದಿದ್ದರೂ ಫಾರ್ವರ್ಡ್‌ನಲ್ಲಿ ಒ ಥರ ಕಾಣುತ್ತದೆ.

ಕೆಂಪುಕಣದಲ್ಲಿ ಫ್ಯೂಕೋಸ್ ಸೇರಿಸುವುದು ಎಫ್‌ಯುಟಿ1 ಜೀನ್‌ನ ಕಿಣ್ವ. ಅದು ಮುಖ್ಯವಾಗಿ ಟೈಪ್ 2 ಸರಪಳಿಯ ಮೇಲೆ ಕೆಲಸ ಮಾಡುತ್ತದೆ (ಟೈಪ್ 1, 2 ಅಂದರೆ ತುದಿಯ ಸಕ್ಕರೆಗಳ ಜೋಡಣೆಯ ಎರಡು ಬಗೆ). ರಕ್ತನಾಳದ ಒಳಪದರದ ಎಚ್ ಕೂಡ ಅದರದೇ. ಎಂಜಲು, ಕರುಳು, ಉಸಿರಾಟದ ನಾಳಗಳ ಒಳಪದರದಲ್ಲಿ ಟೈಪ್ 1 ಸರಪಳಿಗೆ ಸೇರಿಸುವುದು ಎಫ್‌ಯುಟಿ2, ಅಂದರೆ ಎಂಜಲಿನಂಥ ಸ್ರಾವಗಳಲ್ಲಿ ಎಚ್ ಬರುವಂತೆ ಮಾಡುವ ಸೆಕ್ರೆಟರ್ ಜೀನ್. ಎರಡೂ 19ನೇ ವರ್ಣತಂತುವಿನಲ್ಲಿ ಅಕ್ಕಪಕ್ಕದಲ್ಲಿವೆ. 1952ರಲ್ಲಿ ಭೆಂಡೆ ಮತ್ತು ಸಹೋದ್ಯೋಗಿಗಳು ಮುಂಬೈಯಲ್ಲಿ ಕಂಡುಹಿಡಿದ ಬಾಂಬೆ ಗುಂಪಿನಲ್ಲಿ ಎರಡೂ ಕೆಟ್ಟಿರುತ್ತವೆ. ಭಾರತದಲ್ಲಿ ಸಾಮಾನ್ಯವಾಗಿ ಸಿಗುವುದು ಎಫ್‌ಯುಟಿ1ರಲ್ಲಿ 725ನೇ ಸ್ಥಾನದ ಟಿ ಬದಲು ಜಿ, ಜೊತೆಗೆ ಇಡೀ ಎಫ್‌ಯುಟಿ2 ಅಳಿದುಹೋಗಿರುವುದು. ಎಫ್‌ಯುಟಿ1 ಕೆಟ್ಟು ಎಫ್‌ಯುಟಿ2 ಸರಿಯಿದ್ದರೆ ಅದು ಪ್ಯಾರಾ-ಬಾಂಬೆ. ನಿಮ್ಮ ಫಲಿತಾಂಶ ನಿಜವಾದರೆ ಇದು ಆ ಸಾಲಿಗೆ ಸೇರುತ್ತದೆ.

ಪರೇಲ್_ಸೆರಾಲಜಿ:
“ನಿಜವಾದರೆ” ಅನ್ನುವುದು ಮುಖ್ಯ. ಎಂಜಲಿನ ಟೆಸ್ಟ್ ಸುಳ್ಳು ಹೇಳುವುದು ಬಹಳ ಸುಲಭ.

ಊಟವಾಗಿ ಒಂದಷ್ಟು ಹೊತ್ತಾದ ಮೇಲೆ, ಬಾಯಿ ತೊಳೆಸಿ, 2-3 ಮಿ.ಲೀ. ಎಂಜಲು ತೆಗೆದುಕೊಳ್ಳಿ. ಕೂಡಲೇ ಕುದಿಯುವ ನೀರಿನಲ್ಲಿ 10 ನಿಮಿಷ ಇಡಿ. ಇದನ್ನು ಬಿಟ್ಟರೆ ಎಂಜಲಿನ ಕಿಣ್ವಗಳೇ ಆಂಟಿಜನ್ ಕಡಿದುಹಾಕುತ್ತವೆ. ಸಕ್ಕರೆ ಸರಪಳಿಗೆ ಕುದಿಸಿದರೆ ಏನೂ ಆಗುವುದಿಲ್ಲ. ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಗೆ ಅಷ್ಟೇ ಸಲೈನ್ ಸೇರಿಸಿ. ಲೆಕ್ಟಿನ್ ಅನ್ನು ಮೊದಲು ಡೈಲ್ಯೂಟ್ ಮಾಡುತ್ತಾ ಹೋಗಿ, ಒ ಸೆಲ್ಸ್ ಜೊತೆ 2+ ಕೊಡುವ ಡೈಲ್ಯೂಷನ್ ಹುಡುಕಿ. ಆ ಲೆಕ್ಟಿನ್ ಒಂದು ಹನಿ, ಎಂಜಲು ಒಂದು ಹನಿ, 10 ನಿಮಿಷ ರೂಮ್ ಟೆಂಪರೇಚರ್. ಆಮೇಲೆ ಒ ಸೆಲ್ಸ್ ಒಂದು ಹನಿ ಹಾಕಿ, ಅರ್ಧ ಗಂಟೆ ಬಿಟ್ಟು ಸ್ಪಿನ್ ಮಾಡಿ ಓದಿ. ಗಂಟು ಕಟ್ಟದಿದ್ದರೆ ಎಚ್ ಇದೆ ಎಂದರ್ಥ.

ತಪ್ಪುವುದು ಇಲ್ಲೇ. ಲೆಕ್ಟಿನ್ ತೀರಾ ತೆಳುವಾದರೆ ಎಂಜಲಿನಲ್ಲಿ ಎಚ್ ಇಲ್ಲದಿದ್ದರೂ ಗಂಟು ಕಟ್ಟುವುದಿಲ್ಲ. ಬಾಂಬೆ ಗುಂಪಿನವರು ಪ್ಯಾರಾ-ಬಾಂಬೆಯಾಗಿ ಕಾಣುತ್ತಾರೆ. ಗಟ್ಟಿಯಾದರೆ ಇದಕ್ಕೆ ಉಲ್ಟಾ. ಅದಕ್ಕೇ ಎಂಜಲಿನ ಬದಲು ಸಲೈನ್ ಹಾಕಿದ ಟ್ಯೂಬ್ ಇರಲೇಬೇಕು, ಅದು ಗಂಟು ಕಟ್ಟಲೇಬೇಕು. ಗೊತ್ತಿರುವ ಸೆಕ್ರೆಟರ್, ನಾನ್-ಸೆಕ್ರೆಟರ್ ಎಂಜಲೂ ಜೊತೆಗಿರಲಿ. ಇನ್ನೊಂದು: ಆಂಟಿ-ಎಚ್ ಲೆಕ್ಟಿನ್ ಉಲೆಕ್ಸ್ ಎಂಬ ಮುಳ್ಳುಗಿಡದ ಬೀಜದ್ದು, ಎ1 (ಎ ಗುಂಪಿನ ಒಂದು ಉಪಗುಂಪು) ಲೆಕ್ಟಿನ್ ನಮ್ಮ ಹುರುಳಿಯದು. ಎರಡೂ ಫ್ರಿಜ್ಜಿನಲ್ಲಿ ಒಟ್ಟಿಗಿದ್ದರೆ ಲೇಬಲ್ ನೋಡಿ. ಹುರುಳಿ ಲೆಕ್ಟಿನ್‌ಗೆ ಮಾಮೂಲಿ ಒ ಸೆಲ್ ನೆಗೆಟಿವ್. ಕೆಂಪುಕಣದ ಟೆಸ್ಟಿಗೂ ಮಾಮೂಲಿ ಒ ಸೆಲ್ ಪಾಸಿಟಿವ್ ಕಂಟ್ರೋಲ್ ಇಡಿ.

ಮಾಟುಂಗಾ_ಬಯೋಕೆಮ್:
ಎಂಜಲಿಲ್ಲದೆಯೂ ತಾಳೆ ನೋಡಬಹುದು: ಲೂಯಿಸ್ (ಇನ್ನೊಂದು ರಕ್ತಗುಂಪು ವ್ಯವಸ್ಥೆ) ಗ್ರೂಪಿಂಗ್ ಮಾಡಿ. ಲೂಯಿಸ್ ಆಂಟಿಜನ್ ಕೆಂಪುಕಣದಲ್ಲಿ ತಯಾರಾಗುವುದಿಲ್ಲ, ಪ್ಲಾಸ್ಮಾದಿಂದ ಬಂದು ಅಂಟಿಕೊಳ್ಳುತ್ತದೆ. ಎಫ್‌ಯುಟಿ2 ಇದ್ದರೆ ಲೂಯಿಸ್ ಬಿ, ಇಲ್ಲದಿದ್ದರೆ ಲೂಯಿಸ್ ಎ. ಬಾಂಬೆಯಲ್ಲಿ ಲೂಯಿಸ್ ಬಿ ಬರುವಂತಿಲ್ಲ. ಎರಡೂ ನೆಗೆಟಿವ್ ಬಂದರೆ, ಅಥವಾ ರೋಗಿ ಗರ್ಭಿಣಿಯೋ ಎಳೆಮಗುವೋ ಆಗಿದ್ದರೆ ಇದರಿಂದ ಏನೂ ಹೇಳಲಾಗದು.

ಡೊಂಬಿವಲಿ_ಲ್ಯಾಬ್:
ಸಲೈನ್ ಕಂಟ್ರೋಲ್ ಇಟ್ಟಿರಲಿಲ್ಲ, ಮತ್ತೆ ಮಾಡುತ್ತೇನೆ. ಅಷ್ಟರಲ್ಲಿ ರಕ್ತ ಬೇಕಾದರೆ ಒ ಕೊಡಬಹುದೇ ಮೇಡಂ?

ಪರೇಲ್_ಸೆರಾಲಜಿ:
ಬೇಡ. ಬಾಂಬೆಯ ಆಂಟಿ-ಎಚ್ 4ರಿಂದ 37 ಡಿಗ್ರಿವರೆಗೂ ಕೆಲಸ ಮಾಡುತ್ತದೆ, ಕಾಂಪ್ಲಿಮೆಂಟ್ (ರಕ್ತದ ರಕ್ಷಣಾ ಪ್ರೋಟೀನ್‌ಗಳು) ಕಟ್ಟಿ ರಕ್ತನಾಳದೊಳಗೇ ಕಣ ಒಡೆಯುತ್ತದೆ. ಎಚ್ ಅತಿ ಹೆಚ್ಚಿರುವುದೇ ಒ ಕಣದಲ್ಲಿ. ಖಚಿತವಾಗುವವರೆಗೆ ಬಾಂಬೆ ಅಂತಲೇ ಹಿಡಿಯಿರಿ. ಪ್ಯಾರಾ-ಬಾಂಬೆಯ ಆಂಟಿಬಾಡಿ ಸಾಮಾನ್ಯವಾಗಿ ದುರ್ಬಲ, ತಣ್ಣಗಿದ್ದಾಗ ಮಾತ್ರ ಕಾಣುತ್ತದೆ. ಹಾಗಾಗಿ ಒ ಸೆಲ್ ಟೆಸ್ಟನ್ನು 37 ಡಿಗ್ರಿಯಲ್ಲಿ, ಸೀರಂ ಮತ್ತು ಸೆಲ್ಸ್ ಬೇರೆಬೇರೆಯಾಗಿ ಮೊದಲೇ ಬೆಚ್ಚಗೆ ಮಾಡಿ, ಕೂಂಬ್ಸ್ (ಕಣಕ್ಕೆ ಅಂಟಿದ ಆಂಟಿಬಾಡಿ ತೋರಿಸುವ ಪರೀಕ್ಷೆ) ಹಂತದವರೆಗೂ ನೋಡಿ. ಪ್ಯಾರಾ-ಬಾಂಬೆಗೂ ಮೊದಲ ಆಯ್ಕೆ ಎಚ್ ಇಲ್ಲದ ರಕ್ತವೇ. ಅದು ಸಿಗದೆ ತುರ್ತಿದ್ದರೆ ಮಾತ್ರ, 37ರಲ್ಲಿ ಕ್ರಾಸ್‌ಮ್ಯಾಚ್ ಹೊಂದಿದ ಯೂನಿಟ್ ಬಗ್ಗೆ ಟ್ರಾನ್ಸ್‌ಫ್ಯೂಷನ್ ವೈದ್ಯರು ನಿರ್ಧರಿಸಬೇಕು.

ಅಣ್ಣತಮ್ಮ, ಅಕ್ಕತಂಗಿಯರ ಸ್ಯಾಂಪಲ್ ಇವತ್ತೇ ತರಿಸಿ. ಒಬ್ಬೊಬ್ಬರಿಗೂ ಇದೇ ಗುಂಪಿರಲು ನಾಲ್ಕರಲ್ಲಿ ಒಂದು ಸಾಧ್ಯತೆ ಇದೆ. ಖಚಿತಪಡಿಸಲು ಕೆಇಎಂ ಆಸ್ಪತ್ರೆ ಆವರಣದ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆಯನ್ನು ವಿಚಾರಿಸಿ. ರಿಪೋರ್ಟ್‌ನಲ್ಲಿ ಸದ್ಯಕ್ಕೆ “ಕೆಂಪುಕಣದಲ್ಲಿ ಎಚ್ ಕೊರತೆ, ಸೆಕ್ರೆಟರ್ ಸ್ಥಿತಿ ಪರಿಶೀಲನೆಯಲ್ಲಿ, ಒ ರಕ್ತ ಕೊಡಬಾರದು” ಎಂದು ಬರೆಯಿರಿ. ಬರೀ “ಒ” ಅಂತ ಮಾತ್ರ ಹೋಗಬಾರದು.