ಹತ್ತು ನಿಮಿಷದ ಧ್ಯಾನ, ಹನ್ನೊಂದನೆಯ ನಿಮಿಷದ ಸಿಟ್ಟು

ಹತ್ತಿ ಲೆಕ್ಕದವ, ರಾಯಚೂರು:
ನಾನು ಇಲ್ಲಿನ ಹತ್ತಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿಯೊಂದರ ಲೆಕ್ಕ ಬರೆಯುವವನು. ನವೆಂಬರ್ ಬಂತೆಂದರೆ ಬೆಳಗಿನಿಂದ ಟ್ರ್ಯಾಕ್ಟರ್, ತೂಕ, ಹರಾಜು, ಜಗಳ. ಮನೆ ಸೇರುವ ಹೊತ್ತಿಗೆ ಮೈಮೇಲೆ ಅರಳೆ, ತಲೆಯಲ್ಲಿ ಅಂಕಿ. ಕಳೆದ ವರ್ಷ ಇದೇ ಸುಗ್ಗಿಯಲ್ಲಿ ಒಂದು ರಾತ್ರಿ, ಏಳು ವರ್ಷದ ಮಗಳು ನನ್ನ ಲೆಕ್ಕದ ಪುಸ್ತಕದಲ್ಲಿ ನವಿಲು ಬರೆದಳೆಂದು ಕೂಗಾಡಿದೆ. ಅವಳು ಅಳಲಿಲ್ಲ. ರಬ್ಬರ್ ತಂದು ಅಳಿಸತೊಡಗಿದಳು. ಪೆನ್ನಿನಿಂದ ಬರೆದ ನವಿಲು ಅದು, ಅಳಿಯುವುದೆಲ್ಲಿ?

ಆಗಸ್ಟ್‌ನಿಂದ ದಿನವೂ ಬೆಳಗ್ಗೆ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರುತ್ತಿದ್ದೇನೆ. ಮೊಬೈಲ್‌ನಿಂದ ಒಂದು ಹೆಣ್ಣು ದನಿ ‘ಉಸಿರನ್ನು ಗಮನಿಸಿ’ ಎನ್ನುತ್ತದೆ. ನಾಲ್ಕನೇ ಉಸಿರಿಗೆ ಕ್ವಿಂಟಲ್ ದರ ನೆನಪಾಗುತ್ತದೆ, ಹತ್ತನೇ ಉಸಿರಿಗೆ ಯಾರು ಎಷ್ಟು ಬಾಕಿ ಎಂಬುದು. ‘ಹತ್ತು ನಿಮಿಷ ಸಾಧುವಾಗಿರುತ್ತೀರಿ, ಹನ್ನೊಂದನೇ ನಿಮಿಷಕ್ಕೆ ಟವೆಲ್ ಎಲ್ಲಿ ಎಂದು ಅಬ್ಬರಿಸುತ್ತೀರಿ’ ಎಂದು ಹೆಂಡತಿ ನಗುತ್ತಾಳೆ. ನಾನು ಮಾಡುತ್ತಿರುವುದು ಧ್ಯಾನವೇ, ಕಣ್ಣು ಮುಚ್ಚಿಕೊಂಡು ಲೆಕ್ಕ ಬರೆಯುವುದೇ? ಅನುಭವ ಇದ್ದವರು ಹೇಳಿ.

ರಾತ್ರಿ ಪಾಳಿ, ಬಳ್ಳಾರಿ:
ಪಾಳಿ ಮುಗಿಸಿ ಬಂದು ನಾನೂ ಪ್ರಯತ್ನಿಸಿದೆ. ಮೂರನೇ ಉಸಿರಿಗೆ ಗೊರಕೆ. ನನ್ನ ಮಟ್ಟಿಗೆ ಅದೇ ಸಮಾಧಿ.

ಶುಶ್ರೂಷಕಿ, ಸಿಂಧನೂರು:
ಲೆಕ್ಕದವರೇ, ನಾಲ್ಕನೇ ಉಸಿರಿಗೆ ದರ ನೆನಪಾಗುವುದು ಸೋಲಲ್ಲ. ‘ಅರೆ, ಮತ್ತೆ ಮಾರುಕಟ್ಟೆಗೆ ಹೋದೆನಲ್ಲ’ ಎಂದು ಗೊತ್ತಾಗುತ್ತದಲ್ಲ, ಆ ಗೊತ್ತಾಗುವಿಕೆಗಾಗಿಯೇ ಕೂರುವುದು. ಮನಸ್ಸು ಓಡದಂತೆ ಕಟ್ಟಿಹಾಕುವುದು ಯಾರಿಂದಲೂ ಆಗದು. 2010ರಲ್ಲಿ ಹಾರ್ವರ್ಡ್‌ನ ಇಬ್ಬರು ಮನಃಶಾಸ್ತ್ರಜ್ಞರು 2,250 ಜನರನ್ನು ದಿನದ ಯಾವುದೋ ಹೊತ್ತಿನಲ್ಲಿ ಫೋನ್ ಮೂಲಕ ತಡೆದು, ‘ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ’ ಎಂದು ಕೇಳಿದ್ದರು. ನೂರಕ್ಕೆ ಸುಮಾರು 47 ಸಲ ಮನಸ್ಸು ಬೇರೆಲ್ಲೋ ಇತ್ತು. ಹಾಗೆ ಅಲೆಯುವ ಹೊತ್ತಿನಲ್ಲಿ ಜನರ ಸಂತೋಷವೂ ಕಡಿಮೆಯಿತ್ತು.

ನಮ್ಮಲ್ಲಿ ಮೆಲುಕು ಹಾಕುವುದು ಎನ್ನುತ್ತೇವೆ. ಎಮ್ಮೆ ಮೆಲುಕು ಹಾಕಿದರೆ ಮೇವಾದರೂ ಅರಗುತ್ತದೆ. ನಾವು ಯಾರೋ ಅಂದ ಮಾತನ್ನು ಮೆಲುಕು ಹಾಕಿ ಹಾಕಿ ಹುಣ್ಣು ಮಾಡಿಕೊಳ್ಳುತ್ತೇವೆ.

ಟವೆಲ್ ವಿಷಯಕ್ಕೆ ಒಂದು ಸಲಹೆ. ಉಸಿರನ್ನು ಒಳಗೆ ಎಳೆದುಕೊಂಡುದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಉಸಿರು ಹೊರಹೋಗುವಾಗ, ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಪ್ರಭಾವ ಹೆಚ್ಚಿ ಹೃದಯದ ಬಡಿತ ತುಸು ಇಳಿಯುತ್ತದೆ. ನಾಡಿ ಹಿಡಿದು ನೀವೇ ನೋಡಬಹುದು.

ಕಾಲುವೆಯ ಕೊನೆಯವ, ಮಾನ್ವಿ ತಾಲ್ಲೂಕು:
ತಿಂಗಳಿಗೊಮ್ಮೆ ಸಂಬಳ ಬರುವವರಿಗೆ ಉಸಿರು ನೋಡುವ ಪುರುಸೊತ್ತೂ ಬರುತ್ತದೆ. ನನ್ನದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ಹೊಲ. ಮೇಲಿನವರು ಕುಡಿದು ಮಿಕ್ಕಿದ್ದು ನಮಗೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತಾತ್ಕಾಲಿಕ ಗೇಟು ಕೂರಿಸುವವರೆಗೆ ಹತ್ತಿರ ಹತ್ತಿರ ಒಂದು ವಾರ ನಮ್ಮ ಊರಿನಲ್ಲಿ ಯಾರೂ ನೆಟ್ಟಗೆ ಮಲಗಲಿಲ್ಲ. ಆಗ ಯಾರಾದರೂ ಬಂದು ‘ಈ ಕ್ಷಣದಲ್ಲಿ ಇರು’ ಎಂದಿದ್ದರೆ ಬಾರುಕೋಲು ಹಿಡಿದು ಅಟ್ಟಿಸಿಕೊಂಡು ಹೋಗುತ್ತಿದ್ದೆ. ಆ ಕ್ಷಣದಲ್ಲಿ ನೀರು ಹರಿದು ಹೋಗುತ್ತಿತ್ತು, ಅಷ್ಟೇ.

ಬೇನೆಯ ಬೇರು ಹೊರಗಿದೆ. ನೀವು ಒಳಗೆ ನೋಡಿಕೋ ಎನ್ನುತ್ತೀರಿ. ಸಾಲ ಕೊಟ್ಟವನಿಗೂ ಇದೇ ಬೇಕು.

ನಿವೃತ್ತ ಮೇಷ್ಟ್ರು, ಕೊಪ್ಪಳ:
ಚರ್ಚೆ ಚೆನ್ನಾಗಿದೆ. ಮೊದಲು ಪದದ ತಕರಾರು. ಮೈಂಡ್‌ಫುಲ್‌ನೆಸ್ ಎಂಬ ಇಂಗ್ಲಿಷ್ ಪದಕ್ಕೆ, ಅಂದರೆ ಈ ಕ್ಷಣವನ್ನು ಗಮನಿಸುತ್ತಿರುವುದಕ್ಕೆ, ಕೆಲವರು ‘ಸಾವಧಾನ’ ಎಂದು ಬರೆಯುತ್ತಾರೆ. ನಮ್ಮ ಕಿವಿಗೆ ಸಾವಧಾನ ಎಂದರೆ ಅವಸರವಿಲ್ಲದಿರುವುದು, ಇಲ್ಲವೇ ಮದುವೆ ಮಂಟಪದಲ್ಲಿ ಅಕ್ಷತೆ ಬೀಳುವ ಮುಂಚಿನ ಕೂಗು. ‘ಎಚ್ಚರ’ ಸಾಕು. ಬೌದ್ಧ ಗ್ರಂಥಗಳ ಪಾಲಿ ಭಾಷೆಯಲ್ಲಿ ‘ಸತಿ’ ಎನ್ನುತ್ತಾರೆ, ಅದು ನಮ್ಮ ‘ಸ್ಮೃತಿ’ಯೇ. ಅಮೆರಿಕದ ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್‌ನ ವೈದ್ಯಕೀಯ ಶಾಲೆಯೊಂದರಲ್ಲಿ, ದೀರ್ಘಕಾಲದ ನೋವಿನಿಂದ ನರಳುವವರಿಗಾಗಿ, ಅದನ್ನೇ ಎಂಟು ವಾರದ ಪಾಠವಾಗಿ ಹೊಂದಿಸಿದರು. ಧರ್ಮದ ಮಾತನ್ನು ಹೊರಗಿಟ್ಟರು, ಅಭ್ಯಾಸವನ್ನು ಉಳಿಸಿಕೊಂಡರು.

ಆದರೆ ಇದು ಅಮೆರಿಕದಿಂದ ನಮಗೆ ಬಂದ ಸರಕು ಎಂದುಕೊಳ್ಳಬೇಡಿ. ನಮ್ಮ ಗವಿಮಠದ ಬೆಟ್ಟದಲ್ಲಿ, ಪಾಲ್ಕಿಗುಂಡಿನಲ್ಲಿ, ಅತ್ತ ಮಸ್ಕಿಯಲ್ಲಿ ಅಶೋಕನ ಶಾಸನಗಳಿವೆ. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ದಾಟಿದರೂ ಮೊದಲು ಹೆಚ್ಚು ಶ್ರಮಪಡಲಿಲ್ಲ ಎಂದು ಚಕ್ರವರ್ತಿಯೇ ಬಂಡೆಯ ಮೇಲೆ ಒಪ್ಪಿಕೊಳ್ಳುತ್ತಾನೆ. ಶ್ರಮಪಟ್ಟರೆ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಿದ್ಧಿಸುತ್ತದೆ ಎನ್ನುತ್ತಾನೆ. ಲೆಕ್ಕದವರೇ, ಅಶೋಕನಿಗೇ ವರ್ಷಗಟ್ಟಲೆ ಹಿಡಿಯಿತು. ನಿಮ್ಮದು ಇನ್ನೂ ಮೂರು ತಿಂಗಳು.

ಇನ್ನೊಂದು ಮಾತು. ನಮ್ಮ ತಾಯಿ ಜೋಳದ ರೊಟ್ಟಿ ಬಡಿಯುವುದನ್ನು ನೋಡಿದವನು ನಾನು. ಆ ಲಯ, ಆ ಏಕಾಗ್ರತೆ! ಅದಕ್ಕಿಂತ ದೊಡ್ಡ ಧ್ಯಾನ ಯಾವುದಿದೆ? ನಮ್ಮ ಹೆಣ್ಣುಮಕ್ಕಳು ಹುಟ್ಟಾ ಧ್ಯಾನಿಗಳು.

ಹೊಲಿಗೆ ಯಂತ್ರ, ಬಳ್ಳಾರಿ:
ಮೇಷ್ಟ್ರೇ, ನಿಮ್ಮ ಮೇಲೆ ಗೌರವವಿದೆ, ಆದರೂ ಹೇಳುತ್ತೇನೆ. ರೊಟ್ಟಿ ಬಡಿಯುವುದನ್ನು ಧ್ಯಾನ ಎಂದು ಹೊಗಳುವವರೆಲ್ಲ ತಟ್ಟೆಯ ಮುಂದೆ ಕುಳಿತವರೇ. ಒಲೆಯ ಮುಂದೆ ಕುಳಿತವರು ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ನಾನು ಬೆಳಗ್ಗೆ ಐದಕ್ಕೆ ಇಪ್ಪತ್ತು ರೊಟ್ಟಿ ಬಡಿಯುವಾಗ ನನ್ನ ತಲೆಯಲ್ಲಿ ಏನು ಓಡುತ್ತಿರುತ್ತದೆ ಎಂದು ನಿಮಗೇನು ಗೊತ್ತು? ಗ್ಯಾಸ್ ಮುಗಿಯುತ್ತದೆಯೇ, ಮಗನ ಶುಲ್ಕ, ನಿನ್ನೆ ನಾದಿನಿ ಅಂದ ಮಾತು. ಕೈ ಲಯದಲ್ಲಿರುತ್ತದೆ, ನಾನಿರುವುದಿಲ್ಲ.

ಇಲ್ಲಿ ನಾನು ಜೀನ್ಸ್ ಹೊಲಿಯುತ್ತೇನೆ, ಪೀಸಿಗಿಷ್ಟು ಎಂಬ ಲೆಕ್ಕ. ಎರಡು ವರ್ಷದ ಹಿಂದೆ ಅದೇ ನಾದಿನಿಯ ಮಾತನ್ನು ತಿರುವಿ ಹಾಕುತ್ತಾ ಸೂಜಿಯನ್ನು ಬೆರಳಿಗೆ ಹೊಲಿದುಕೊಂಡೆ. ಮೂರು ದಿನದ ಕೂಲಿ ಹೋಯಿತು. ಹತ್ತು ನಿಮಿಷ ಕಣ್ಣು ಮುಚ್ಚಿ ಕೂರುವ ಐಶ್ವರ್ಯ ನಮ್ಮ ಮನೆಯಲ್ಲಿಲ್ಲ. ಕೂತರೆ ‘ಮೈ ಸರಿಯಿಲ್ಲವೇ’ ಎಂದು ಕೇಳುತ್ತಾರೆ. ಅದಕ್ಕೇ ಒಂದು ಉಪಾಯ ಮಾಡಿಕೊಂಡೆ. ಬಾಬಿನ್‌ನಲ್ಲಿ ದಾರ ಮುಗಿದಾಗ ಹೇಗೂ ಯಂತ್ರ ನಿಲ್ಲುತ್ತದೆ. ಹೊಸದು ಹಾಕುವ ಮುಂಚೆ ಮೂರು ದೀರ್ಘ ಉಸಿರು. ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸುತ್ತೇನೆ, ಅಷ್ಟೇ. ದಿನಕ್ಕೆ ಎಷ್ಟು ಬಾಬಿನ್ ಮುಗಿಯುತ್ತವೋ ಅಷ್ಟು ಸಲ. ನಾದಿನಿ ಬದಲಾಗಿಲ್ಲ. ಆದರೆ ಅವರ ಮಾತು ಬರುವುದು ಈಗ ನನಗೆ ಮೊದಲೇ ಕಾಣುತ್ತದೆ, ದೂರದಿಂದ ಬಸ್ ಬರುವುದು ಕಂಡಂತೆ. ಹತ್ತಲೇಬೇಕು ಎಂದೇನೂ ಇಲ್ಲವಲ್ಲ.

ನಿವೃತ್ತ ಮೇಷ್ಟ್ರು, ಕೊಪ್ಪಳ:
ತಪ್ಪಾಯಿತು ತಾಯಿ. ರೊಟ್ಟಿಯ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ.

ಹತ್ತು ದಿನ ಕೂತವ, ಗಂಗಾವತಿ:
ಬಾಬಿನ್, ಮೊಬೈಲ್ ದನಿ, ಇವೆಲ್ಲ ತುಟಿ ಒದ್ದೆ ಮಾಡಿಕೊಳ್ಳುವ ಕೆಲಸ. ನೀರು ಕುಡಿಯಬೇಕೆಂದರೆ ವಿಪಶ್ಯನ ಎಂಬ ಧ್ಯಾನದ ಶಿಬಿರಕ್ಕೆ ಹೋಗಿ. ಬರ್ಮಾದಲ್ಲಿ ಹುಟ್ಟಿ ಬೆಳೆದ ಧ್ಯಾನಗುರು ಗೋಯೆಂಕಾ ಅವರು 1969ರಲ್ಲಿ ಈ ಧ್ಯಾನವನ್ನು ಭಾರತಕ್ಕೆ ಮರಳಿ ತಂದರು. ಹತ್ತು ದಿನ ಮಾತಿಲ್ಲ, ಫೋನಿಲ್ಲ, ಪುಸ್ತಕವಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ. ಮೊದಲ ಮೂರು ದಿನ ಆನಾಪಾನ, ಅಂದರೆ ಮೂಗಿನ ಹೊಳ್ಳೆಯ ಬಳಿ ಉಸಿರು ಬಂದು ಹೋಗುವುದನ್ನು ನೋಡುವುದಷ್ಟೇ. ಶುಲ್ಕವಿಲ್ಲ, ಮುಗಿದ ಮೇಲೆ ಮನಸ್ಸಿಗೆ ಬಂದಷ್ಟು ದಾನ. ತಿಹಾರ್ ಜೈಲಿನಲ್ಲಿ 1994ರಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಒಟ್ಟಿಗೆ ಕೂತಿದ್ದರು.

ನಾನು ನಾಲ್ಕನೇ ದಿನ ಓಡಿಹೋಗಲು ಚೀಲ ಕಟ್ಟಿದ್ದೆ. ಆರನೇ ದಿನ ಸತ್ತ ಅಪ್ಪನ ಚಪ್ಪಲಿ ನೆನಪಾಗಿ ಸುಮ್ಮನೆ ಅತ್ತೆ. ಅಪ್ಪ ತೀರಿ ಹನ್ನೊಂದು ವರ್ಷವಾಗಿತ್ತು, ಅಲ್ಲಿಯವರೆಗೆ ಅತ್ತಿರಲಿಲ್ಲ. ಬಂದ ಮೇಲೆ ನಾನು ಬೇರೆ ಮನುಷ್ಯ.

ಕಾಲುವೆಯ ಕೊನೆಯವ, ಮಾನ್ವಿ ತಾಲ್ಲೂಕು:
ಹತ್ತು ದಿನ ನಾನು ಹೋದರೆ ಎತ್ತುಗಳಿಗೆ ಮೇವು ಹಾಕುವವರು ಯಾರು? ಅವೂ ಮೌನ ವ್ರತ ಹಿಡಿಯಬೇಕೇ?

ಶುಶ್ರೂಷಕಿ, ಸಿಂಧನೂರು:
ಗಂಗಾವತಿಯವರೇ, ನಿಮಗೆ ಒಳ್ಳೆಯದಾದದ್ದು ಸಂತೋಷ. ಎಲ್ಲರನ್ನೂ ತಳ್ಳಬೇಡಿ. ನಮ್ಮ ನಂಟರ ಹುಡುಗನೊಬ್ಬ ಇಂಥದ್ದೇ ಒಂದು ದೀರ್ಘ ಶಿಬಿರದಿಂದ ಬಂದವನು ಎರಡು ವಾರ ನಿದ್ದೆಯಿಲ್ಲದೆ ಒದ್ದಾಡಿದ. ಅವನಿಗೆ ಮೊದಲೇ ಕಾಯಿಲೆಯಿತ್ತು, ಅರ್ಜಿಯಲ್ಲಿ ಬರೆದಿರಲಿಲ್ಲ. ವಿಪಶ್ಯನದ ಅರ್ಜಿಯಲ್ಲಿ ಮಾನಸಿಕ ಕಾಯಿಲೆಯ ಬಗ್ಗೆ ಕೇಳುವುದು ಸುಮ್ಮನೆ ಅಲ್ಲ. ಹಳೆಯ ಆಘಾತ ಒಳಗಿರುವವರಿಗೆ ಕಣ್ಣು ಮುಚ್ಚಿದರೆ ಶಾಂತಿಯ ಬದಲು ಅದೇ ಎದುರಿಗೆ ಬಂದು ನಿಲ್ಲಬಹುದು. ಅಂಥವರು ಕಣ್ಣು ತೆರೆದೇ ಮಾಡಲಿ, ಜೊತೆಗೆ ವೈದ್ಯರಿರಲಿ.

ಪುರಾವೆ ಎಷ್ಟಿದೆ ಎಂದರೆ, 2014ರಲ್ಲಿ ಧ್ಯಾನದ ಬಗೆಗಿನ 47 ಪ್ರಯೋಗಗಳನ್ನು, ಸುಮಾರು 3,500 ಜನರ ಫಲಿತಾಂಶವನ್ನು ಒಟ್ಟಿಗೆ ಇಟ್ಟು ನೋಡಿದರು. ಆತಂಕ, ಖಿನ್ನತೆ, ನೋವು ಸಾಧಾರಣ ಮಟ್ಟದಲ್ಲಿ ಇಳಿದಿದ್ದವು. ಔಷಧಿ, ವ್ಯಾಯಾಮಗಳಿಗಿಂತ ಧ್ಯಾನ ಮೇಲು ಎಂಬುದಕ್ಕೆ ಆಧಾರ ಸಿಗಲಿಲ್ಲ. ಅಷ್ಟೇ ಇದರ ತೂಕ. ಇದನ್ನು ನಂಬಿ ಮಾತ್ರೆ ಬಿಟ್ಟವರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ.

ಪ್ರೌಢಶಾಲೆ ಶಿಕ್ಷಕಿ, ಲಿಂಗಸುಗೂರು:
ಮಕ್ಕಳ ಬಗ್ಗೆಯೂ ಒಂದು ಮಾತು. ಬ್ರಿಟನ್ನಿನ ಶಾಲೆಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ತರಗತಿಯಲ್ಲಿ ಮೈಂಡ್‌ಫುಲ್‌ನೆಸ್ ಕಲಿಸಿದರೂ ಎಂದಿನ ಪಾಠಕ್ಕಿಂತ ಹೆಚ್ಚಿನ ಉಪಯೋಗ ಕಾಣಲಿಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ನನಗೆ ಆಶ್ಚರ್ಯವಾಗಲಿಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ‘ಎಲ್ಲರೂ ಕಣ್ಣು ಮುಚ್ಚಿ’ ಎಂದರೆ ಕಣ್ಣು ತೆರೆದು ಪಕ್ಕದವರನ್ನು ನೋಡುವುದೇ ಮಕ್ಕಳ ಆಟ.

ಕಾಲುವೆಯ ಕೊನೆಯವ, ಮಾನ್ವಿ ತಾಲ್ಲೂಕು:
ಶುಶ್ರೂಷಕಿಯವರು ಅಳತೆ ಮೀರದೆ ಮಾತನಾಡುತ್ತಾರೆ, ಒಪ್ಪಿದೆ. ನನ್ನ ಮುಖ್ಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಎಲ್ಲರ ಸಿಟ್ಟೂ ಇಳಿದರೆ ಕಾಲುವೆಯ ನೀರಿಗಾಗಿ ರಸ್ತೆಗೆ ಇಳಿಯುವವರು ಯಾರು?

ಹೊಲಿಗೆ ಯಂತ್ರ, ಬಳ್ಳಾರಿ:
ಅಣ್ಣಾ, ಅದಕ್ಕೆ ನಾನು ಉತ್ತರಿಸುತ್ತೇನೆ. ಹೋದ ವರ್ಷ ಪೀಸಿನ ದರ ಏರಿಸಬೇಕೆಂದು ನಾವು ಹನ್ನೆರಡು ಜನ ಮಾಲೀಕರ ಬಳಿ ಹೋದೆವು. ಮೊದಲ ಸಲ ಎಲ್ಲರೂ ಕೂಗಾಡಿದೆವು. ಅವರು ಟೀ ತರಿಸಿದರು, ನಮ್ಮ ಗಂಟಲು ಒಣಗುವವರೆಗೆ ಕಾದರು, ಕಳಿಸಿಬಿಟ್ಟರು. ಎರಡನೇ ಸಲ ನಾನು ದಾರದ ಖರ್ಚು, ವಿದ್ಯುತ್ ಹೋದ ಗಂಟೆಗಳು, ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಹೋದೆ. ಅವರು ಕೆಣಕಿದರು. ಮೂರು ಉಸಿರು ತೆಗೆದುಕೊಂಡು ಮತ್ತೆ ಚೀಟಿ ಓದಿದೆ. ಮತ್ತೆ ಕೆಣಕಿದರು, ಮತ್ತೆ ಓದಿದೆ. ಪೀಸಿಗೆ ಒಂದು ರೂಪಾಯಿ ಏರಿತು. ದೊಡ್ಡದಲ್ಲ. ಆದರೆ ಸಿಟ್ಟು ಇಳಿದಿತ್ತು ಎಂದು ಯಾರು ಹೇಳಿದರು? ಸಿಟ್ಟು ಹೊಟ್ಟೆಯಲ್ಲೇ ಇತ್ತು, ನಾಲಿಗೆಗೆ ಬರಲು ಬಿಡಲಿಲ್ಲ.

ರಾತ್ರಿ ಪಾಳಿ, ಬಳ್ಳಾರಿ:
ಆ ಒಂದು ರೂಪಾಯಿಯೇ ಇಲ್ಲಿಯವರೆಗಿನ ಅತ್ಯುತ್ತಮ ಪುರಾವೆ.

ಶುಶ್ರೂಷಕಿ, ಸಿಂಧನೂರು:
ಮಾನ್ವಿಯ ಅಣ್ಣನವರೇ, ಬೇನೆಯ ಬೇರು ಹೊರಗಿದೆ ಎಂದಿರಿ, ಸುಳ್ಳಲ್ಲ. ಹೊರಗಿನಿಂದಲೇ ನೆರವು ಬರಬೇಕು ಎಂಬ ಯೋಚನೆಗೂ ನಮ್ಮ ಕಡೆಯೇ ಒಂದು ಚರಿತ್ರೆಯಿದೆ, ಅದು ಯಾಕೋ ಯಾರ ಬಾಯಲ್ಲೂ ಬರುವುದಿಲ್ಲ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸುವುದನ್ನು, ಚಿಕಿತ್ಸೆ ಕೊಡುವುದನ್ನು ಕಲಿಸಿದರು. ಬೆಂಗಳೂರಿಗೆ ಬಸ್ ಹತ್ತದೆ ಊರ ಬಳಿಯೇ ಮಾತ್ರೆ ಸಿಗಬಹುದು ಎಂದು ತೋರಿಸಿದ್ದು ಬಳ್ಳಾರಿ. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿ. ‘ಬಳ್ಳಾರಿ ಮಾದರಿ’ ಎಂದೇ ಹೆಸರು. ಗಣಿಯ ಹೆಸರಿನಲ್ಲಿ ಊರನ್ನು ನೆನೆಯುವವರು ಇದನ್ನೂ ಸ್ವಲ್ಪ ನೆನೆಯಬಹುದು.

ಎರಡು ವಾರ ದಾಟಿದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕು ಸಾಕು ಎನ್ನಿಸಿದರೆ, ಉಸಿರಾಟದ ಅಭ್ಯಾಸವನ್ನು ಬದಿಗಿಟ್ಟು ಆಸ್ಪತ್ರೆಗೆ ಹೋಗಬೇಕು. ಹೋಗಲಾಗದವರು 14416ಕ್ಕೆ ಕರೆ ಮಾಡಿ. ಟೆಲಿ ಮನಸ್ ಎನ್ನುತ್ತಾರೆ. ಸರ್ಕಾರದ್ದು, ಹಣ ಕೊಡಬೇಕಿಲ್ಲ, ರಾತ್ರಿಯೂ ಎತ್ತುತ್ತಾರೆ.

ಹತ್ತಿ ಲೆಕ್ಕದವ, ರಾಯಚೂರು:
ಒಂದು ವಾರದ ನಂತರ ಬರೆಯುತ್ತಿದ್ದೇನೆ. ಬಾಬಿನ್ ಉಪಾಯವನ್ನು ಕದ್ದೆ. ನನಗೆ ಧ್ಯಾನ ಬೇಕಿರುವುದು ಬೆಳಗ್ಗೆ ಆರಕ್ಕಲ್ಲ, ರಾತ್ರಿ ಎಂಟೂವರೆಗೆ ಎಂದು ತಡವಾಗಿ ಹೊಳೆಯಿತು. ಈಗ ಸ್ಕೂಟರ್ ನಿಲ್ಲಿಸಿದ ಮೇಲೆ ಗೇಟಿನ ಹೊರಗೆ ಸೀಟಿನ ಮೇಲೆಯೇ ಸ್ವಲ್ಪ ಹೊತ್ತು ಕೂರುತ್ತೇನೆ. ಕ್ವಿಂಟಲ್ ದರ ಈಗಲೂ ಬರುತ್ತದೆ. ಬರಲಿ, ಗೇಟಿನ ಹೊರಗೇ ಇರಲಿ. ಮೊನ್ನೆ ಮಗಳು ಬಾಗಿಲಿಗೆ ಬಂದು ನೋಡಿ, ‘ಅಪ್ಪಾ, ಕೀಲಿ ಕಳೆದುಹೋಯಿತೇ?’ ಎಂದು ಕೇಳಿದಳು. ನಿನ್ನೆಯಿಂದ ಅವಳೂ ಬಂದು ಹಿಂದಿನ ಸೀಟಿನಲ್ಲಿ ಕೂರುತ್ತಾಳೆ. ಅವಳಿಂದಾಗಿ ಎರಡು ನಿಮಿಷವೂ ಸುಮ್ಮನಿರಲು ಆಗುತ್ತಿಲ್ಲ.

ಕಾಲುವೆಯ ಕೊನೆಯವ, ಮಾನ್ವಿ ತಾಲ್ಲೂಕು:
ಶುಶ್ರೂಷಕಿಯವರೇ, ಆ ನಂಬರಿನಲ್ಲಿ ಕನ್ನಡದಲ್ಲಿ ಮಾತನಾಡುತ್ತಾರೆಯೇ? ನನಗಲ್ಲ, ನನ್ನ ತಮ್ಮನಿಗೆ.

ಶುಶ್ರೂಷಕಿ, ಸಿಂಧನೂರು:
ಮಾತನಾಡುತ್ತಾರೆ. ಅವರ ಪಕ್ಕದಲ್ಲಿ ಕುಳಿತು ನೀವೇ ಮಾಡಿ. ಇವತ್ತೇ ಮಾಡಿ.

ಕಾಲುವೆಯ ಕೊನೆಯವ, ಮಾನ್ವಿ ತಾಲ್ಲೂಕು:
ಹೊಲದಿಂದ ಇನ್ನೂ ಬಂದಿಲ್ಲ ಅವನು. ಹೋಗಿ ಕರೆತರುತ್ತೇನೆ.