ಗರ್ಭದ ಶಿಶುವಿನ ಪರ ನಿಲ್ಲುವವರು ಬಡ ಮಕ್ಕಳ ವಿಮೆಗೆ ಯಾಕೆ ಬೇಡ ಎಂದರು?

ಮುಂಗಾರುಮಳೆಹನಿ:
ಅಮೆರಿಕದ ರಾಜಕೀಯ ಓದುತ್ತಾ 2007ರ ಒಂದು ಜಗಳದ ಹತ್ತಿರ ಸಿಕ್ಕಿಕೊಂಡಿದ್ದೇನೆ. ಎಸ್‌ಚಿಪ್ ಅಂತ ಮಕ್ಕಳ ಆರೋಗ್ಯ ವಿಮೆ ಯೋಜನೆ, 1997ರಲ್ಲಿ ಶುರುವಾದದ್ದು. ಬಡವರಿಗಿರುವ ಸರ್ಕಾರಿ ವಿಮೆ ಮೆಡಿಕೇಡ್ ಸಿಗುವಷ್ಟು ಬಡವರೂ ಅಲ್ಲ, ಖಾಸಗಿ ವಿಮೆ ಕೊಳ್ಳುವಷ್ಟು ದುಡ್ಡೂ ಇಲ್ಲ, ಅಂಥ ಮನೆಗಳ ಮಕ್ಕಳಿಗೆ. ಅದಕ್ಕೆ ಐದು ವರ್ಷದಲ್ಲಿ 3,500 ಕೋಟಿ ಡಾಲರ್ ಹೆಚ್ಚಿಗೆ ಕೊಡುವ ಮಸೂದೆಯನ್ನು ಅಧ್ಯಕ್ಷ ಬುಷ್ ವೀಟೊ ಮಾಡಿದರು. ಅಲ್ಲಿನ ಕ್ಯಾಥೊಲಿಕ್ ಬಿಷಪರು ವಿಸ್ತರಣೆಯ ಪರ ಇದ್ದರು. ಆದರೂ ಗರ್ಭಪಾತವನ್ನು ಗಟ್ಟಿಯಾಗಿ ವಿರೋಧಿಸುವ ಕೆಲವು ಕ್ಯಾಥೊಲಿಕ್ ಸಂಸದರು ಬುಷ್ ಜೊತೆ ನಿಂತರು. ಕ್ಯಾಥೊಲಿಕ್ಸ್ ಯುನೈಟೆಡ್ ಎಂಬ ಗುಂಪು ಅಂಥವರ ವಿರುದ್ಧ ರೇಡಿಯೊ ಜಾಹೀರಾತನ್ನೇ ಕೊಟ್ಟಿತು. ಕ್ಯಾಥೊಲಿಕ್ ಧರ್ಮಸಭೆಯ ಬೋಧನೆ ಪ್ರಕಾರ ಆ ಸಂಸದರದು ತಪ್ಪಾ, ಅಥವಾ ಇದು ಅವರವರ ವಿವೇಚನೆಗೆ ಬಿಟ್ಟ ವಿಷಯವಾ?

ಸರಳರೇಖೆ:
ವಿವೇಚನೆಗೆ ಬಿಟ್ಟದ್ದು. ರೋಗಿಗಳನ್ನು ನೋಡಿಕೊಳ್ಳಿ ಎಂದು ಧರ್ಮಸಭೆ ಹೇಳುತ್ತದೆ, ಎಷ್ಟು ಡಾಲರ್, ಯಾವ ಇಲಾಖೆಯಿಂದ ಎಂದು ಹೇಳುವುದಿಲ್ಲ. ಗರ್ಭಪಾತ ಹಾಗಲ್ಲ, ಅದರಲ್ಲಿ ಎರಡು ಅಭಿಪ್ರಾಯಕ್ಕೆ ಜಾಗವಿಲ್ಲ ಎಂದು 2004ರಲ್ಲಿ ಕಾರ್ಡಿನಲ್ ರಾಟ್ಸಿಂಗರ್ (ಮುಂದೆ ಪೋಪ್ ಆದವರು) ಅಮೆರಿಕದ ಬಿಷಪರಿಗೆ ಬರೆದಿದ್ದರು. ಬುಷ್ ಕೂಡ ಪೂರ್ತಿ ಬೇಡ ಎನ್ನಲಿಲ್ಲ, 500 ಕೋಟಿ ಹೆಚ್ಚಿಸೋಣ ಎಂದರು. ಇರುವ ಖಾಸಗಿ ವಿಮೆ ಬಿಟ್ಟು ಜನ ಸರ್ಕಾರದ ಕಡೆ ಬರುತ್ತಾರೆ ಎಂಬುದು ಅವರ ಆಕ್ಷೇಪ. ನ್ಯೂಯಾರ್ಕ್ ಬಡತನ ರೇಖೆಯ ನಾಲ್ಕು ಪಟ್ಟು ಆದಾಯದವರಿಗೂ ಕೊಡಲು ಹೊರಟಿತ್ತು. ಆಗಿನ ಲೆಕ್ಕದಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 82,600 ಡಾಲರ್. ಅವರನ್ನು ಬಡವರು ಅನ್ನೋಕಾಗುತ್ತಾ?

ಹೊಂಬಾಳೆ:
@ಸರಳರೇಖೆ, ಅರ್ಧ ಒಪ್ಪುತ್ತೇನೆ. ಆದರೆ 1963ರಲ್ಲೇ ಪೋಪ್ 23ನೇ ಜಾನ್ ‘ಪಾಚೆಮ್ ಇನ್ ತೆರಿಸ್’ ಪತ್ರದಲ್ಲಿ ಮನುಷ್ಯನ ಹಕ್ಕುಗಳನ್ನು ಹೇಳುವಾಗ ಊಟ, ಬಟ್ಟೆ, ವಸತಿಯ ಜೊತೆಗೇ ವೈದ್ಯಕೀಯ ಆರೈಕೆಯನ್ನೂ ಸೇರಿಸಿದ್ದಾರೆ. ಅಂದರೆ ಅದು ಬರೀ ದಾನದ ಮಾತಲ್ಲ. ಯಾವ ದಾರಿಯಲ್ಲಿ ತಲುಪಬೇಕು ಎನ್ನುವುದರಲ್ಲಿ ವಿವೇಚನೆ ಇದೆ ನಿಜ, ತಲುಪಬೇಕಾ ಬೇಡವಾ ಎನ್ನುವುದರಲ್ಲಿ ಇಲ್ಲ. ಮಸೂದೆ ಜಾರಿಯಾಗಿದ್ದರೆ ವಿಮೆಯೇ ಇಲ್ಲದ ಸುಮಾರು 40 ಲಕ್ಷ ಮಕ್ಕಳು ಒಳಗೆ ಬರುತ್ತಿದ್ದರು. ಬೇಡ ಎಂದು ಮತ ಹಾಕಿದವರು ಆ ಮಕ್ಕಳಿಗೆ ಬೇರೆ ಯಾವ ದಾರಿ ತೋರಿಸಿದರು? ಬುಷ್ ಹೇಳಿದ 500 ಕೋಟಿ ಆಗಲೇ ಯೋಜನೆಯಲ್ಲಿದ್ದ ಮಕ್ಕಳನ್ನು ಉಳಿಸಿಕೊಳ್ಳಲೂ ಸಾಲದು ಎಂದು ಅಮೆರಿಕದ ಸಂಸತ್ತಿನದೇ ಬಜೆಟ್ ಕಚೇರಿ ಲೆಕ್ಕ ಹಾಕಿತ್ತು.

ನ್ಯೂಯಾರ್ಕ್ ಉದಾಹರಣೆ ಆಗ ಎಲ್ಲರ ಬಾಯಲ್ಲೂ ಇತ್ತು, ಆದರೆ ಬಡತನ ರೇಖೆಯ ಮೂರು ಪಟ್ಟು ದಾಟಿದರೆ ಕೇಂದ್ರದ ಪಾಲು ಕಡಿಮೆಯಾಗುವಂತೆ ಮಸೂದೆಯೇ ಕಟ್ಟು ಹಾಕಿತ್ತು.

ನನಗೆ ಜಾಸ್ತಿ ನೋವಾಗುವುದು ಇನ್ನೊಂದು ವಿಷಯಕ್ಕೆ. 2002ರಲ್ಲಿ ಬುಷ್ ಸರ್ಕಾರವೇ ನಿಯಮ ತಂದು, ಗರ್ಭದಲ್ಲಿರುವ ಶಿಶುವನ್ನೂ ‘ಮಗು’ ಎಂದು ಎಣಿಸಿ ಎಸ್‌ಚಿಪ್ ಹಣದಲ್ಲಿ ತಾಯಿಗೆ ಗರ್ಭಿಣಿ ಆರೈಕೆ ಕೊಡಲು ರಾಜ್ಯಗಳಿಗೆ ಅವಕಾಶ ಕೊಟ್ಟಿತ್ತು. ಗರ್ಭದ ಜೀವದ ಪರ ಮಾತಾಡುವವರಿಗೆ ಇದಕ್ಕಿಂತ ಹತ್ತಿರದ ಯೋಜನೆ ಯಾವುದಿತ್ತು?

ಕಡಲತೀರ:
ಎರಡೂ ಪಕ್ಷದಲ್ಲಿ ಈ ಬಿರುಕು ಇದೆ ಅಲ್ವಾ. ವಿಸ್ತರಣೆ ವಿರೋಧಿಸಿದ, ಬುಷ್ ಅವರ ರಿಪಬ್ಲಿಕನ್ ಪಕ್ಷದ ನಾಯಕ ಬೇನರ್ ಕ್ಯಾಥೊಲಿಕ್. ಅದಕ್ಕಾಗಿ ಹೋರಾಡಿದ, ಡೆಮಾಕ್ರಟಿಕ್ ಪಕ್ಷದ ನಾಯಕಿ ಪೆಲೋಸಿಯೂ ಕ್ಯಾಥೊಲಿಕ್, ಆದರೆ ಗರ್ಭಪಾತದ ಹಕ್ಕಿನ ಪರ. ಬಿಷಪರು ಎರಡನ್ನೂ ಒಟ್ಟಿಗೆ ಕೇಳುತ್ತಾರೆ, ಪಕ್ಷಗಳು ಒಂದೊಂದನ್ನು ಎತ್ತಿಕೊಂಡು ಹೋಗುತ್ತವೆ. ಅಕ್ಟೋಬರ್ 18ರಂದು ಕೆಳಮನೆಯಲ್ಲಿ ವೀಟೊ ಮುರಿಯಲು 273 ಮತ ಬಿತ್ತು, ವಿರುದ್ಧ 156. ಬೇಕಿದ್ದ ಮೂರನೇ ಎರಡರಷ್ಟಕ್ಕೆ 13 ಕಡಿಮೆ. ಕೆಲವೇ ಸಂಸದರು ಮನಸ್ಸು ಮಾಡಿದ್ದರೆ ಕೆಳಮನೆ ದಾಟುತ್ತಿತ್ತು.

ಮುಂಗಾರುಮಳೆಹನಿ:
2002ರ ನಿಯಮ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್ @ಹೊಂಬಾಳೆ. ಅದು ಈಗಲೂ ಇದೆಯಾ?

ಹೊಂಬಾಳೆ:
ಇದೆ, ಹಲವು ರಾಜ್ಯಗಳು ಬಳಸುತ್ತಿವೆ. ಇಲ್ಲಿ ಲೆಕ್ಕಕ್ಕೆ ಬರುವುದು ಶಿಶು, ಹಾಗಾಗಿ ಕಾಗದಪತ್ರ ಇಲ್ಲದ ವಲಸಿಗ ತಾಯಂದಿರಿಗೂ ಆರೈಕೆ ಸಿಗುತ್ತದೆ. ಯೋಜನೆಯ ವಿಸ್ತರಣೆಗೆ 2009ರ ಫೆಬ್ರವರಿ 4ರಂದು ಒಬಾಮ ಸಹಿ ಹಾಕಿದರು, ದುಡ್ಡು ಸಿಗರೇಟಿನ ತೆರಿಗೆಯಿಂದ. ಕಾನೂನುಬದ್ಧವಾಗಿ ಬಂದ ವಲಸಿಗರ ಮಕ್ಕಳು ಐದು ವರ್ಷ ಕಾಯಬೇಕೆಂಬ ನಿಯಮವನ್ನು ಬಿಡಲು ರಾಜ್ಯಗಳಿಗೆ ಆಗಲೇ ಅವಕಾಶ ಸಿಕ್ಕಿದ್ದು. ಅದನ್ನೂ ಬಿಷಪರು ಕೇಳಿದ್ದರು.